ಟೀಚರನ್ನು ಕೇಳಿ: ಆಶ್ಲೇಷ ಮಳೆ, ಈಸಲಾರದ ಹೊಳೆ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನೀರಿನದ್ದೇ. ಜುಲೈ ಕಳೆಯುತ್ತಾ ಬಂದರೆ ಕೊಡಗಿನವರಿಗೆ ಬೇರೆ ಯೋಚನೆ ಎಲ್ಲಿಂದ ಬರಬೇಕು ಹೇಳಿ. ಹಾಗಾಗಿ ಬಾಳೆಗೆ ಹುಳ ಬಿದ್ದದ್ದು, ಮಗನಿಗೆ ಗಣಿತ ಹತ್ತದ್ದು, ಎಲ್ಲವನ್ನೂ ಮುಂದಿನ ತಿಂಗಳಿಗೆ ಎತ್ತಿಟ್ಟಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ.

ಹೊಸದಾಗಿ ಓದುವವರಿಗೆ ನನ್ನ ಪರಿಚಯ ಎರಡೇ ಮಾತಿನಲ್ಲಿ. ನಾನು ಹಾಸನ ಕಡೆಯವಳು. ಮದುವೆಯಾಗಿ ನಾಪೋಕ್ಲು ಪಕ್ಕದ ಊರಿಗೆ ಬಂದು ನಲವತ್ತು ವರ್ಷ ಆಯಿತು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಿಯಾದೆ. ನಮ್ಮ ಮನೆಗೂ ಕಾವೇರಿ ಹೊಳೆಗೂ ನಡುವೆ ಮೂರೇ ಮೂರು ಗದ್ದೆ. ಮಾವನವರ ಕಾಲದಿಂದ ಮಳೆ ಲೆಕ್ಕ ಬರೆಯುವ ಮನೆ ಇದು. ಬೆಳಿಗ್ಗೆ ಏಳು ಗಂಟೆಗೆ ಕೊಡೆ ಹಿಡಿದುಕೊಂಡು ಅಂಗಳಕ್ಕೆ ಹೋಗಿ ಮಳೆಮಾಪಕ ನೋಡುವುದು ಈಗ ನನ್ನ ಕೆಲಸ.

ನನ್ನಮ್ಮ ಹೇಳುತ್ತಿದ್ದ ಗಾದೆ ಒಂದಿದೆ, 'ಆಶ್ಲೇಷ ಮಳೆ, ಈಸಲಾರದ ಹೊಳೆ' ಅಂತ. ಆಶ್ಲೇಷ ಮಳೆ ಆಗಸ್ಟ್ 3ರ ಸುಮಾರಿಗೆ ಹುಟ್ಟಿ 16ರ ಹೊತ್ತಿಗೆ ಮುಗಿಯುತ್ತದೆ. ಇಲ್ಲಿಯವರ ಕಕ್ಕಡ ತಿಂಗಳ ಕೊನೆಯ ಭಾಗ. 2018ರಲ್ಲಿ ಬೆಟ್ಟಗಳು ಜಾರಿದ್ದು ಆಶ್ಲೇಷದ ಕೊನೆಯ ದಿನಗಳಲ್ಲಿ. 2019ರಲ್ಲಿ ಹೊಳೆ ಏರಿದ್ದು ಅದರ ನಟ್ಟನಡುವೆ. 2020ರಲ್ಲಿ ತಲಕಾವೇರಿಯ ಬೆಟ್ಟ ಕುಸಿದದ್ದು ಅದರ ಮೊದಲ ವಾರದಲ್ಲಿ. ಗಾದೆ ಕಟ್ಟಿದವರ ಹತ್ತಿರ ಮಳೆಮಾಪಕ ಇರಲಿಲ್ಲ, ಆದರೆ ಲೆಕ್ಕ ತಪ್ಪಿಲ್ಲ ಅಲ್ವಾ?

ಟೀಚರ್, 2018ರಲ್ಲೂ 2019ರಲ್ಲೂ ನಮ್ಮ ಬಡಾವಣೆಗೆ ನೀರು ನುಗ್ಗಿತು. ಟಿ.ವಿ.ಯವರು ಒಮ್ಮೆ ಪ್ರವಾಹ ಅಂತಾರೆ, ಒಮ್ಮೆ ಜಲಸ್ಫೋಟ ಅಂತಾರೆ, ಒಮ್ಮೆ ಭೂಕುಸಿತ ಅಂತಾರೆ. ಎಲ್ಲ ಒಂದೇನಾ?
— ಗೃಹಿಣಿ, ಕುಶಾಲನಗರ

ಒಂದೇ ಅಲ್ಲ. ಮಳೆ ಒಂದೇ, ನೀರು ಬರುವ ದಾರಿ ಬೇರೆ. ದಾರಿ ಬೇರೆಯಾದರೆ ನೀವು ಓಡಬೇಕಾದ ದಿಕ್ಕೂ ಬೇರೆ, ಸಿಗುವ ಸಮಯವೂ ಬೇರೆ.

ನಿಮ್ಮಲ್ಲಿಗೆ ಬಂದದ್ದು ಹೊಳೆ ಉಕ್ಕಿದ ನೀರು. ತಲಕಾವೇರಿ, ಭಾಗಮಂಡಲದ ಮಳೆ ನಮ್ಮ ನಾಪೋಕ್ಲು ದಾಟಿ, ಬೇತ್ರಿ, ಸಿದ್ದಾಪುರ, ದುಬಾರೆ, ಗುಡ್ಡೆಹೊಸೂರು ಎಲ್ಲ ಸುತ್ತಿ ನಿಮ್ಮೂರಿಗೆ ಬರುತ್ತದೆ. ಭಾಗಮಂಡಲದಲ್ಲಿ ವರ್ಷಕ್ಕೆ 200 ಇಂಚು ದಾಟುವುದು ಹೊಸ ಸಂಗತಿಯಲ್ಲ. ಕುಶಾಲನಗರದಲ್ಲಿ ಅದರ ಕಾಲು ಭಾಗವೂ ಬೀಳುವುದು ಕಷ್ಟ. ಅಂದರೆ ನಿಮ್ಮ ಅಂಗಳದಲ್ಲಿ ಬಟ್ಟೆ ಒಣಗುತ್ತಿರುವಾಗಲೂ ಹೊಳೆ ಮೆಟ್ಟಿಲು ಹತ್ತಬಹುದು. ನೀವು ನೋಡಬೇಕಾದದ್ದು ನಿಮ್ಮ ಆಕಾಶವನ್ನಲ್ಲ, ಭಾಗಮಂಡಲದ ಆಕಾಶವನ್ನು. ಒಳ್ಳೆಯ ವಿಷಯ ಏನೆಂದರೆ ಈ ನೀರು ಹೇಳಿ ಬರುತ್ತದೆ. ಗಂಟೆಗಟ್ಟಲೆ ಏರುತ್ತದೆ. ಸಾಮಾನು ಎತ್ತಲು, ಅತ್ತೆಯನ್ನು ಕರೆದುಕೊಂಡು ಹೊರಡಲು ಹೊತ್ತು ಸಿಗುತ್ತದೆ. ಕೆಟ್ಟ ವಿಷಯ, ಇಳಿಯಲೂ ಅಷ್ಟೇ ನಿಧಾನ.

ಇನ್ನೊಂದು ವಿಷಯ ನಿಮ್ಮೂರಿನವರು ಮರೆಯುತ್ತಾರೆ. ಹಾರಂಗಿ ಹೊಳೆ ಕಾವೇರಿಯನ್ನು ಸೇರುವುದು ಕೂಡಿಗೆಯಲ್ಲಿ, ಅಂದರೆ ನಿಮಗಿಂತ ಕೆಳಗೆ. 'ಹಾರಂಗಿ ಬಿಟ್ಟರೆ ನಮಗೇನು, ಅದು ಮುಂದೆ ತಾನೇ ಸೇರುವುದು' ಅನ್ನಬೇಡಿ. ಅಲ್ಲಿ ಎರಡು ಹೊಳೆಯೂ ತುಂಬಿ ಬಂದರೆ ಕಾವೇರಿಯ ನೀರಿಗೆ ಮುಂದೆ ಹೋಗಲು ಜಾಗ ಸಾಲದು, ಹಿಂದೆ ನಿಲ್ಲುತ್ತದೆ. ಬಚ್ಚಲಿನ ತೂತಿಗೆ ಕೂದಲು ಸಿಕ್ಕಿಕೊಂಡ ಹಾಗೆ. ಹಾರಂಗಿ ಡ್ಯಾಂ ಗೇಟಿನ ಸುದ್ದಿ ನಿಮಗೂ ಬೇಕು.

ಎರಡನೆಯದು ತೋಡಿನ, ಅಂದರೆ ಬೆಟ್ಟದಿಂದ ಇಳಿಯುವ ಹಳ್ಳದ ನೀರು. ದಿಢೀರ್ ಪ್ರವಾಹ ಅನ್ನುವುದು ಇದಕ್ಕೆ. ಮೇಲೆ ಬ್ರಹ್ಮಗಿರಿಯಲ್ಲಿ ಜಡಿಮಳೆ, ಕೆಳಗೆ ಇರ್ಪುವಿನಲ್ಲಿ ಎಳೆಬಿಸಿಲು, ಪ್ರವಾಸಿಗರು ನೀರಿಗಿಳಿದು ಫೋಟೋ ತೆಗೆಯುತ್ತಿರುತ್ತಾರೆ. ತೋಡು ಕಿರಿದು, ಇಳಿಜಾರು ಜಾಸ್ತಿ. ಮೊಣಕಾಲು ನೀರು ನೋಡನೋಡುತ್ತಲೇ ಎದೆಮಟ್ಟ ಆಗುತ್ತದೆ. ಇದರಲ್ಲಿ ಸಾಮಾನು ಎತ್ತುವ ಮಾತೇ ಇಲ್ಲ. ನೀರು ಇದ್ದಕ್ಕಿದ್ದಂತೆ ಕೆಂಪಾಯಿತು, ಎಲೆ ಕಡ್ಡಿ ತೇಲಿ ಬಂತು ಅಂದರೆ ಚಪ್ಪಲಿಯನ್ನೂ ಹುಡುಕದೆ ಮೇಲೆ ಹತ್ತಬೇಕು.

ಮೂರನೆಯದು ಮಣ್ಣು ಕಲಸಿದ ನೀರು. 2018ರಲ್ಲಿ ಜೋಡುಪಾಲದಲ್ಲಿ ಬಂದದ್ದು ಇದು. ನೀರು, ಮಣ್ಣು, ಬಂಡೆ, ಬುಡಸಮೇತ ಕಿತ್ತ ಮರ, ಎಲ್ಲ ಸೇರಿದ ಗಟ್ಟಿ ಕೆಸರು. ಅದು ಹೊಳೆಯ ಹಾಗೆ ಮನೆಯೊಳಗೆ ಬರುವುದಿಲ್ಲ, ಮನೆಯನ್ನೇ ತೆಗೆದುಕೊಂಡು ಹೋಗುತ್ತದೆ.

'ಜಲಸ್ಫೋಟ' ಪತ್ರಿಕೆಯವರಿಗೆ ಇಷ್ಟದ ಪದ. ಬೆಟ್ಟದ ಹೊಟ್ಟೆಯಲ್ಲಿ ಬಾಂಬಿನಂತೆ ನೀರು ಸಿಡಿಯಿತು ಅನ್ನಿಸುವ ಪದ. ಹಾಗೇನೂ ಇಲ್ಲ, ಮುಂದೆ ಹೇಳುತ್ತೇನೆ. ಮೇಘಸ್ಫೋಟ ಅನ್ನುವುದು ಬೇರೆ: ಸಣ್ಣ ಜಾಗದಲ್ಲಿ ಒಂದೇ ಗಂಟೆಗೆ 100 ಮಿಲಿಮೀಟರ್, ಅಂದರೆ ನಾಲ್ಕು ಇಂಚು ಸುರಿಯುವುದು. ನಮ್ಮ ಆಗಸ್ಟ್ ಅನಾಹುತಗಳು ಸಾಮಾನ್ಯವಾಗಿ ಹಾಗೆ ಆಗುವುದಿಲ್ಲ. ನಮ್ಮದು ಹಗಲು ರಾತ್ರಿ ಬಿಡದೆ ವಾರಗಟ್ಟಲೆ ಹೊಡೆಯುವ ಮಳೆ.

ನಾಲ್ಕನೆಯದು ಕಟ್ಟಿದ ನೀರು ಒಡೆಯುವುದು. 1979ರಲ್ಲಿ ಗುಜರಾತಿನ ಮೋರ್ಬಿಯಲ್ಲಿ ಮಚ್ಛು ಅಣೆಕಟ್ಟು ಒಡೆದು ಪಟ್ಟಣವೇ ಮುಳುಗಿತು. ಅಷ್ಟು ದೂರ ಯಾಕೆ, ನಮ್ಮ ಎಷ್ಟೋ ತೋಟಗಳಲ್ಲಿ ಏಪ್ರಿಲ್‌ಗೆ ಸ್ಪ್ರಿಂಕ್ಲರ್ ಹೊಡೆಯಲಿಕ್ಕೆಂದು ಇಳಿಜಾರಿನ ಮೇಲೆ ಕೆರೆ ತೋಡಿಸಿದ್ದಾರೆ. ಅದರ ಏರಿಯನ್ನು ಮಳೆಗಾಲಕ್ಕೆ ಮೊದಲು ನೋಡಿಕೊಂಡವರು ಎಷ್ಟು ಜನ? ಕೆಳಗೆ ಕೂಲಿಯವರ ಲೈನ್ ಮನೆ ಇರುತ್ತದೆ, ನೆನಪಿರಲಿ.

ಸಮುದ್ರ ಉಕ್ಕುವುದು (1999ರ ಒಡಿಶಾ ಚಂಡಮಾರುತ), ಹಿಮದ ಸರೋವರ ಒಡೆಯುವುದು (2023ರ ಸಿಕ್ಕಿಂ), ಚರಂಡಿ ಕಟ್ಟಿಕೊಂಡು ರಸ್ತೆಯೇ ಕೆರೆಯಾಗುವುದು (ಬೆಂಗಳೂರು, ವರ್ಷ ಹೇಳಬೇಕಾಗಿಲ್ಲ) ಇವೆಲ್ಲ ಬೇರೆ ಜಾತಿ. ಮಕ್ಕಳ ಪರೀಕ್ಷೆಗೆ ಬೇಕಾದರೆ ಬರೆಸಿ.

ವಾರ್ತೆಯಲ್ಲಿ ಮಿಲಿಮೀಟರ್, ನೀವು ತೋಟದವರು ಇಂಚು, ಸೆಂಟು. ಡ್ಯಾಂ ವಿಷಯ ಬಂದರೆ ಕ್ಯೂಸೆಕ್, ಟಿಎಂಸಿ. ತಲೆ ಕೆಡುತ್ತದೆ ಮೇಡಂ.
— ಆಟೋ ಚಾಲಕರು, ಮೂರ್ನಾಡು

ತಲೆ ಕೆಡಬೇಕಾದದ್ದು ಅದನ್ನು ಬಿಡಿಸಿ ಹೇಳದವರದ್ದು, ನಿಮ್ಮದಲ್ಲ.

ಒಂದು ಇಂಚು ಅಂದರೆ 25.4 ಮಿಲಿಮೀಟರ್. ಇಂಚಿನ ನೂರನೇ ಒಂದು ಭಾಗಕ್ಕೆ ನಾವು ಸೆಂಟ್ ಅನ್ನುತ್ತೇವೆ. ದಿನಕ್ಕೆ 204.4 ಮಿಲಿಮೀಟರ್ ಮೀರಿದರೆ ಹವಾಮಾನ ಇಲಾಖೆ ಅದನ್ನು ಅತಿ ಅತಿ ಭಾರಿ ಮಳೆ ಅನ್ನುತ್ತದೆ. ರೆಡ್ ಅಲರ್ಟ್ ಕೊಡುವುದು ಅಂಥ ಮಳೆಗೆ. ನಮ್ಮ ಲೆಕ್ಕದಲ್ಲಿ ಎಂಟು ಇಂಚು.

ಈಗ ಎಂಟು ಇಂಚು ಎಷ್ಟು ಭಾರ ನೋಡಿ. ಒಂದು ಎಕರೆ ಮೇಲೆ ಒಂದು ಇಂಚು ಮಳೆ ಬಿದ್ದರೆ ಒಂದು ಲಕ್ಷ ಲೀಟರಿಗೂ ಸ್ವಲ್ಪ ಜಾಸ್ತಿ ನೀರು. ಐದು ಎಕರೆ ತೋಟಕ್ಕೆ ಒಂದೇ ದಿನ ಎಂಟು ಇಂಚು ಹೊಡೆದರೆ ನಲವತ್ತು ಲಕ್ಷ ಲೀಟರ್ ದಾಟುತ್ತದೆ. ಐದು ಸಾವಿರ ಲೀಟರಿನ ಟ್ಯಾಂಕರ್‌ನಲ್ಲಿ ಅಳೆದರೆ ಎಂಟುನೂರು ಟ್ಯಾಂಕರ್. ಅಷ್ಟನ್ನೂ ಒಬ್ಬರ ಬೆಟ್ಟದ ತಲೆ ಮೇಲೆ ಖಾಲಿ ಮಾಡಿದ ಹಾಗೆ.

ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಸುಮಾರು 28 ಲೀಟರ್. 'ಹಾರಂಗಿಯಿಂದ ಹತ್ತು ಸಾವಿರ ಕ್ಯೂಸೆಕ್' ಅಂತ ಕೇಳಿದರೆ, ಒಂದು ಸಾವಿರ ಲೀಟರಿನ ಕಪ್ಪು ಸಿಂಟೆಕ್ಸ್ ಟ್ಯಾಂಕ್ 280 ನಿಮ್ಮೆದುರು ಪ್ರತಿ ಸೆಕೆಂಡಿಗೂ ಉರುಳಿ ಹೋಗುತ್ತಿದೆ ಅಂದುಕೊಳ್ಳಿ. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಹಾರಂಗಿ ಹಿಡಿಯುವುದು ಒಟ್ಟು 8.5 ಟಿಎಂಸಿ. ಕೆ.ಆರ್.ಎಸ್. ಹಿಡಿಯುವುದು 49 ಟಿಎಂಸಿ ಮೀರಿ. ಇದರಲ್ಲೇ ಉತ್ತರ ಇದೆ: ಹಾರಂಗಿ ಚಿಕ್ಕದು, ಬೇಗ ತುಂಬುತ್ತದೆ, ತುಂಬಿದ ಮೇಲೆ ಬಂದಷ್ಟನ್ನೂ ಬಿಡಲೇಬೇಕು. ಆಗಸ್ಟಿಗೆ ಮೊದಲೇ ಜಾಗ ಖಾಲಿ ಇಟ್ಟುಕೊಳ್ಳಬೇಕೋ, ಬೇಸಿಗೆಗೆ ಅಂತ ತುಂಬಿಟ್ಟುಕೊಳ್ಳಬೇಕೋ ಅನ್ನುವ ಜಗಳ ಎಲ್ಲ ಡ್ಯಾಂಗಳಲ್ಲೂ ಇದೆ. ಕೆಳಗೆ ಬೆಳೆ ಇರುವವನಿಗೆ ತುಂಬಿರಬೇಕು, ದಡದಲ್ಲಿ ಮನೆ ಇರುವವನಿಗೆ ಖಾಲಿ ಇರಬೇಕು.

ನಮ್ಮ ಬೆಟ್ಟದಲ್ಲಿ ಅಜ್ಜನ ಕಾಲದಿಂದ ಒಂದು ಹಿಡಿ ಮಣ್ಣು ಜರುಗಿರಲಿಲ್ಲ. 2018ರಲ್ಲಿ ಒಂದೂವರೆ ಎಕರೆ ಕಾಫಿ ತೋಡಿಗೆ ಇಳಿಯಿತು. ಆ ವರ್ಷ ಜುಲೈಯಲ್ಲಿ ಭೂಮಿ ನಡುಗಿತ್ತಲ್ಲ, ಅದೇ ಕಾರಣ ಅಂತಾರೆ. ಸಿಲ್ವರ್ ಓಕ್ ಕಾರಣ ಅಂತಲೂ ಅಂತಾರೆ. ನೀವೇನಂತೀರಿ?
— ಬೆಳೆಗಾರರು, ಮಕ್ಕಂದೂರು ಕಡೆ

ನಿಮ್ಮ ಪತ್ರ ಎರಡು ಸಲ ಓದಿದೆ. ಆ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಮದೆನಾಡು, ಈ ಹೆಸರುಗಳನ್ನು ರೇಡಿಯೋದಲ್ಲಿ ಕೇಳುತ್ತಾ ಅಡುಗೆಮನೆಯಲ್ಲಿ ನಿಂತಿದ್ದೆ. ನನ್ನ ಹಳೆಯ ವಿದ್ಯಾರ್ಥಿನಿಯರು ಆ ಊರುಗಳಿಗೆ ಮದುವೆಯಾಗಿ ಹೋಗಿದ್ದಾರೆ.

2018ರ ಜುಲೈ 9ರಂದು ನೆಲ ನಡುಗಿದ್ದು ನಿಜ. ಆದರೆ ಅದು ಚಿಕ್ಕದು. ಅಷ್ಟು ಸಣ್ಣ ನಡುಕಕ್ಕೆ ಐದು ವಾರ ಬಿಟ್ಟು ಅಷ್ಟೊಂದು ಬೆಟ್ಟ ಒಟ್ಟಿಗೆ ಜಾರುವುದನ್ನು ನಾನು ಒಪ್ಪುವುದಿಲ್ಲ. ಜಾರಿಸಿದ್ದು ನೀರು.

ಹೇಗೆ ಅಂದರೆ, ನಮ್ಮ ಬೆಟ್ಟಗಳ ಮೇಲೆ ದಪ್ಪ ಮಣ್ಣಿನ ಹೊದಿಕೆ ಇದೆ. ಕೆಳಗೆ ಹೋದ ಹಾಗೆ ಜೇಡಿ, ಅದರ ಕೆಳಗೆ ಬಂಡೆ. ಜೂನ್, ಜುಲೈ ಮಳೆಯನ್ನು ಮಣ್ಣು ಸ್ಪಂಜಿನ ಹಾಗೆ ಕುಡಿಯುತ್ತದೆ. ಆಗಸ್ಟಿಗೆ ಹೊಟ್ಟೆ ತುಂಬಿರುತ್ತದೆ. ಆಮೇಲೆ ಬಿದ್ದ ನೀರು ಕಣಕಣದ ನಡುವೆ ಸೇರಿ ಮಣ್ಣನ್ನು ಒಳಗಿನಿಂದ ಎತ್ತುತ್ತದೆ. ಕಣಕ್ಕೆ ಕಣ ಅಂಟಿಕೊಂಡಿರುವ ಹಿಡಿತ ಬಿಡುತ್ತದೆ. ಮೇಲೆ ಭಾರ, ಕೆಳಗೆ ಜಾರುವ ಜೇಡಿ. ನೆನೆಹಾಕಿದ ಅಕ್ಕಿ ಪಾತ್ರೆಯನ್ನು ಓರೆ ಮಾಡಿ ನೋಡಿ. ಒಣಗಿದ್ದಾಗ ನಿಲ್ಲುವ ಅಕ್ಕಿ, ನೀರು ತುಂಬಿದಾಗ ಒಟ್ಟಿಗೆ ಜಾರುತ್ತದೆ. ಜಾರಿದ ಜಾಗದಲ್ಲಿ ಒಳಗಿನ ನೀರು ಭುಸ್ಸೆಂದು ಹೊರಗೆ ಬರುತ್ತದಲ್ಲ, ಅದನ್ನು ನೋಡಿದವರು ಜಲಸ್ಫೋಟ ಅಂದರು. ನೋಡಿದ್ದು ಸುಳ್ಳಲ್ಲ, ಹೆಸರು ಮಾತ್ರ ದೊಡ್ಡದು.

ಹಾಗಾದರೆ ಅಜ್ಜನ ಕಾಲದಲ್ಲಿ ಯಾಕೆ ಜಾರಲಿಲ್ಲ? ಅಜ್ಜನ ಹತ್ತಿರ ಜೆಸಿಬಿ ಇರಲಿಲ್ಲ. ಬೆಟ್ಟದ ಪಾದವನ್ನು ಕಡಿದು ಸಪಾಟು ಮಾಡಿ ಮನೆ, ಹೋಂಸ್ಟೇ, ರಸ್ತೆ ಮಾಡಿದರೆ ಮೇಲಿನ ಮಣ್ಣಿಗೆ ಆತು ನಿಲ್ಲಲು ಏನೂ ಉಳಿಯುವುದಿಲ್ಲ. ಕಡಿದ ಬರೆ, ಅಂದರೆ ಮಣ್ಣಿನ ಗೋಡೆ, ನೆಟ್ಟಗೆ ನಿಲ್ಲುತ್ತದೆ, ಚೆನ್ನಾಗಿಯೂ ಕಾಣುತ್ತದೆ, ಒಂದು ಆಶ್ಲೇಷ ಮಳೆ ಬರುವ ತನಕ. ಹಳಬರು ತೋಟದಲ್ಲಿ ಕಪ್ಪು, ಅಂದರೆ ನೀರು ಹೋಗುವ ಕಾಲುವೆ, ಹೊಡೆದು ನೀರನ್ನು ತೋಡಿಗೆ ಸೇರಿಸುತ್ತಿದ್ದರು. ಎಷ್ಟೋ ಕಡೆ ಆ ಕಾಲುವೆಗಳು ಮುಚ್ಚಿಹೋಗಿವೆ. ಸಿಲ್ವರ್ ಓಕಿನ ಬಗ್ಗೆ ಕೇಳಿದಿರಿ. ಹಲಸು, ನಂದಿ, ಹೊನ್ನೆಯಂಥ ನಾಡಮರಗಳ ಬೇರು ಹರಡಿ ಹಿಡಿಯುವ ಹಾಗೆ ಅದು ಹಿಡಿಯುವುದಿಲ್ಲ ಅನ್ನುವುದು ಬಹಳ ಬೆಳೆಗಾರರ ಅನುಭವ, ನನ್ನದೂ. ಆದರೆ ಎಲ್ಲ ತಪ್ಪನ್ನೂ ಅದರ ತಲೆಗೆ ಕಟ್ಟಬೇಡಿ. ದಟ್ಟ ಮರಗಳ ನಡುವೆಯೂ ಆ ವರ್ಷ ಮಣ್ಣು ಜಾರಿತು. ಆಳದಲ್ಲಿ ಜಾರುವ ಮಣ್ಣನ್ನು ಯಾವ ಬೇರೂ ತಡೆಯಲಾರದು. ಕಡಿದಾದ ಇಳಿಜಾರಿನಲ್ಲಿ ಇಂಗುಗುಂಡಿ ತೋಡಬೇಡಿ ಅಂತಲೂ ಸೇರಿಸುತ್ತೇನೆ. ಬಯಲುಸೀಮೆಯಲ್ಲಿ ಅದು ಪುಣ್ಯದ ಕೆಲಸ. ನಮ್ಮಲ್ಲಿ ಬೆಟ್ಟದ ಬಾಯಿಗೆ ಇನ್ನಷ್ಟು ನೀರು ಹೊಯ್ದ ಹಾಗೆ.

ಮಳೆಗಾಲದಲ್ಲಿ ಇವನ್ನು ಗಮನಿಸುತ್ತಿರಿ. ಒಣಗಿದ್ದ ಜಾಗದಲ್ಲಿ, ಮನೆಯ ನೆಲದಲ್ಲಿ ಜಲ ಎದ್ದಿತೇ? ಅಂಗಳದಲ್ಲಿ, ಗೋಡೆಯಲ್ಲಿ ಹೊಸ ಬಿರುಕು ಬಿಟ್ಟಿತೇ? ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾಯಿತೇ? ಕರೆಂಟ್ ಕಂಬ, ಮರ ಓರೆಯಾಯಿತೇ? ಎಲ್ಲಕ್ಕಿಂತ ಹೆದರಬೇಕಾದದ್ದು ಇದಕ್ಕೆ: ಮಳೆ ಹೊಡೆಯುತ್ತಲೇ ಇದ್ದು ಪಕ್ಕದ ತೋಡಿನ ನೀರು ಕಮ್ಮಿಯಾದರೆ. ಮೇಲೆ ಎಲ್ಲೋ ಮಣ್ಣು ಬಿದ್ದು ನೀರು ಕಟ್ಟಿಕೊಂಡಿದೆ ಅಂತ ಅರ್ಥ. ಅದು ಒಡೆಯುತ್ತದೆ. 'ನೀರು ಇಳಿಯಿತು, ಇನ್ನೇನಿಲ್ಲ' ಅಂತ ಮಲಗಬೇಡಿ. ತೋಡಿನ ಉದ್ದಕ್ಕೆ ಓಡದೆ, ಅಡ್ಡಕ್ಕೆ, ಏರಿನ ಕಡೆ ಹೋಗಿ.

ಅಜ್ಜಿ 1924ರ ನೆರೆ ಅಂತ ಏನೋ ಹೇಳ್ತಾರೆ. ಹಿಂದೆಯೂ ಇಷ್ಟೇ ದೊಡ್ಡದು ಬರುತ್ತಿತ್ತಾ?
— ಪಿಯುಸಿ ವಿದ್ಯಾರ್ಥಿ, ವಿರಾಜಪೇಟೆ

ಬಂದಿತ್ತು ಮಗಾ. 1924ರ ಜುಲೈಯಲ್ಲಿ ಕಾವೇರಿಯೂ ಕೇರಳದ ಹೊಳೆಗಳೂ ಒಟ್ಟಿಗೆ ಉಕ್ಕಿದವು. ಗಡಿಯಾಚೆ ಮಲಯಾಳಿಗಳು ಅದನ್ನು ತೊಂಬತ್ತೊಂಬತ್ತರ ನೆರೆ ಅನ್ನುತ್ತಾರೆ, ಅವರ ಕೊಲ್ಲಂ ವರ್ಷ 1099 ಆಗ. ಕೆ.ಆರ್.ಎಸ್. ಇನ್ನೂ ಕಟ್ಟುತ್ತಿದ್ದ ಕಾಲ. ನೀರು ಹಿಂದೆಯೂ ಬಂದಿತ್ತು. ಆದರೆ ಆಗ ಹೊಳೆ ದಡದಲ್ಲಿ ಗದ್ದೆ ಇತ್ತು, ಐನ್‌ಮನೆಗಳು ಏರಿನ ಮೇಲಿದ್ದವು. ಕೊಡವರ ಹಳೆಯ ಮನೆಗಳನ್ನು ಒಮ್ಮೆ ಸುತ್ತಿ ನೋಡು. ಗದ್ದೆ ಕಾಣುವ ಹಾಗೆ, ಗದ್ದೆಯ ನೀರು ಮುಟ್ಟದ ಹಾಗೆ ಕಟ್ಟಿದ್ದಾರೆ. ನಮ್ಮ ಮನೆ ಕಟ್ಟಿದವರಿಗೆ ಅಷ್ಟು ಬುದ್ಧಿ ಇರಲಿಲ್ಲ.

ಮಗ ಜೀಪು ತಗೊಂಡು ನೀರು ನಿಂತ ರಸ್ತೆಯಲ್ಲಿ ದಾಟುತ್ತಾನೆ. 'ಫೋರ್ ವೀಲ್ ಡ್ರೈವ್ ಅಮ್ಮ, ಏನೂ ಆಗಲ್ಲ' ಅಂತಾನೆ.
— ತಾಯಿ, ಬಾಳೆಲೆ

ಕೀ ಕಿತ್ತುಕೊಳ್ಳಿ. ಹರಿಯುವ ನೀರು ಅರ್ಧ ಅಡಿ ಇದ್ದರೆ ದೊಡ್ಡವರನ್ನೂ ಕಾಲು ತಪ್ಪಿಸಿ ಬೀಳಿಸುತ್ತದೆ. ಒಂದು ಅಡಿಗೆ ಚಿಕ್ಕ ಕಾರು ತೇಲಲು ಶುರು. ಎರಡು ಅಡಿಗೆ ನಿಮ್ಮ ಮಗನ ಜೀಪೂ ಹೋಗುತ್ತದೆ. ಚಕ್ರ ನಾಲ್ಕೂ ತಿರುಗಿದರೂ ನೆಲ ಮುಟ್ಟಬೇಕಲ್ಲ! ನೀರಿನ ವೇಗ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟು. ಅದೂ ಅಲ್ಲದೆ ಕೆಂಪು ನೀರಿನ ಕೆಳಗೆ ರಸ್ತೆ ಇದೆಯೋ ಇಲ್ಲವೋ ಅವನಿಗೇನು ಗೊತ್ತು? ನಮ್ಮಲ್ಲಿ ಬೊಳಿಬಾಣೆ ಹತ್ತಿರ ರಸ್ತೆ ಮುಳುಗಿದರೆ ಸುತ್ತು ಹಾಕಿಕೊಂಡು ಹೋಗುತ್ತೇವೆ, ಇಲ್ಲವೇ ಮನೆಯಲ್ಲಿ ಕೂತು ಹಲಸಿನ ಬೀಜ ಸುಡುತ್ತೇವೆ.

ನಾವು ತೋಟದ ಕೂಲಿಯವರು. ಹೊಳೆ ಬದಿಯಲ್ಲಿ ಶೀಟಿನ ಮನೆ. ಪ್ರತಿ ಜೂನ್‌ನಲ್ಲಿ ಖಾಲಿ ಮಾಡಿ ಅಂತ ನೋಟಿಸ್ ಕೊಡ್ತಾರೆ. ಹೋಗೋದು ಎಲ್ಲಿಗೆ ಅಂತ ಹೇಳಲ್ಲ.
— ಕರಡಿಗೋಡು

ಅಕ್ಕಾ, ನಿಮಗೆ ಕೊಡಲು ನನ್ನ ಹತ್ತಿರ ಸೈಟ್ ಇಲ್ಲ, ಸಮಾಧಾನದ ಮಾತನ್ನೂ ಹೇಳುವುದಿಲ್ಲ. 2019ರಲ್ಲಿ ಕರಡಿಗೋಡು, ನೆಲ್ಯಹುದಿಕೇರಿಯಲ್ಲಿ ಹೊಳೆ ಬದಿಯ ಮನೆಗಳು ಹೋದದ್ದು ಎಲ್ಲರಿಗೂ ಗೊತ್ತು. ಬೇರೆ ಜಾಗ ಇದ್ದವರು ಯಾರೂ ಹೊಳೆ ಬಾಯಲ್ಲಿ ಮನೆ ಕಟ್ಟುವುದಿಲ್ಲ ಅನ್ನುವುದೂ ಗೊತ್ತು. ನೋಟಿಸ್ ಅಂಟಿಸುವವರಿಗೆ ಮಾತ್ರ ಇದು ಗೊತ್ತಿಲ್ಲ.

ನಿಮ್ಮ ಕೈಯಲ್ಲಿ ಇರುವುದು ಇಷ್ಟು. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪುಸ್ತಕ, ಕರೆಂಟ್ ಬಿಲ್, ಮಕ್ಕಳ ಟಿ.ಸಿ., ಎಲ್ಲದರ ಫೋಟೋ ಮೊಬೈಲಿನಲ್ಲಿ ತೆಗೆದು ದೂರದ ಊರಿನ ನೆಂಟರಿಗೆ ಕಳಿಸಿಡಿ. ಮೂಲ ಕಾಗದಗಳನ್ನು ದಪ್ಪ ಪ್ಲಾಸ್ಟಿಕ್‌ನಲ್ಲಿ ಕಟ್ಟಿ ಹೊರಡುವ ಚೀಲದಲ್ಲೇ ಇಡಿ. ನೀರು ಇಳಿದ ಮೇಲೆ ಕೆಸರು ಬಳಿಯುವ ಮೊದಲು ಮನೆಯ ಒಳಗೂ ಹೊರಗೂ ಫೋಟೋ ತೆಗೆಯಿರಿ. ಪಂಚಾಯಿತಿಯವರು ಬಂದು ಪಂಚನಾಮೆ ಮಾಡುವಾಗ ಮನೆಯಲ್ಲಿ ಒಬ್ಬರು ಇರಲೇಬೇಕು. 'ಭಾಗಶಃ' ಅಂತ ಬರೆದರೋ 'ಪೂರ್ತಿ' ಅಂತ ಬರೆದರೋ ಕಣ್ಣಾರೆ ನೋಡಿ, ಓದಿಸಿಕೊಂಡು ಸಹಿ ಹಾಕಿ. ಪರಿಹಾರದ ಹಣ ಆ ಒಂದು ಪದದ ಮೇಲೆ ನಿಂತಿದೆ. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ಸರ್ಕಾರ ಐದು ಲಕ್ಷ ಘೋಷಿಸಿತ್ತು. ನೀರು ನುಗ್ಗಿದ ಮನೆಗೆ ಹತ್ತು ಸಾವಿರ. ತುರ್ತಿಗೆ 1077ಕ್ಕೆ ಫೋನ್ ಮಾಡಿ, ಇಲ್ಲವೇ 112.

ಹೊಳೆ ಇಳಿದ ಮೇಲೆ ಏನೇನು ಕೆಡುತ್ತದೆ? ಮನೆ, ತೋಟ ಎರಡರ ಬಗ್ಗೆಯೂ ಹೇಳಿ.
— ಹೊಸದಾಗಿ ತೋಟ ಕೊಂಡವರು, ಕೊಂಡಂಗೇರಿ

ನನ್ನದೇ ಕಥೆ ಹೇಳುತ್ತೇನೆ, ಅದರಲ್ಲೇ ಉತ್ತರ ಸಿಗುತ್ತದೆ.

ನಮ್ಮ ಹಜಾರದ ಗೋಡೆಯಲ್ಲಿ ಎರಡು ಗೆರೆ ಇವೆ. ಕೆಳಗಿನದು ನಾನೇ ಪೆನ್ಸಿಲಿನಲ್ಲಿ ಎಳೆದದ್ದು: 2018. ಮೇಲಿನದು ಹೊಳೆ ಕೆಸರಿನಲ್ಲಿ ಎಳೆದದ್ದು: 2019. 2018ರಲ್ಲಿ ನೀರು ಮೊಣಕಾಲಿಗೆ ಬಂದು ನಿಂತಿತ್ತು. ವಿಜ್ಞಾನದ ಟೀಚರ್ ಅಲ್ವಾ, ಗೆರೆ ಎಳೆದು ತಾರೀಕು ಹಾಕಿದೆ. ಮರುವರ್ಷ ಹೊಳೆ ಏರಿದಾಗ ಆ ಗೆರೆಗಿಂತ ಒಂದು ಅಡಿ ಮೇಲೆ ಎಲ್ಲ ಜೋಡಿಸಿ, 'ಇನ್ನು ಬರುವುದಿಲ್ಲ' ಅಂತ ಮನೆಯವರಿಗೆ ಪಾಠ ಮಾಡಿದೆ. ಅಕ್ಕಿ ಮೂಟೆ, ಇನ್ವರ್ಟರ್, ಮಾವನವರ ಮಳೆ ಪುಸ್ತಕಗಳ ಟ್ರಂಕು. ರಾತ್ರಿ ಹನ್ನೊಂದಕ್ಕೆ ಹೊಳೆ ಆ ಲೆಕ್ಕ ದಾಟಿತು. ಹಸುವಿನ ಹಗ್ಗ ಬಿಚ್ಚಿ, ಅತ್ತೆಯನ್ನು ಹೊತ್ತುಕೊಂಡು ಶಾಲೆಯ ಗಂಜಿ ಕೇಂದ್ರಕ್ಕೆ ಹೋದೆವು. ನಾನೇ ಪಾಠ ಮಾಡಿದ ಕ್ಲಾಸ್ ರೂಮಿನಲ್ಲಿ ಮೂರು ರಾತ್ರಿ ಮಲಗಿದೆ.

ತಪ್ಪು ಎಲ್ಲಿ? 2018ರಲ್ಲಿ ಜಾಸ್ತಿ ಏಟು ಬಿದ್ದದ್ದು ಮಡಿಕೇರಿಯ ಉತ್ತರದ ಬೆಟ್ಟಗಳಿಗೆ. ಆ ನೀರು ಹೆಚ್ಚಾಗಿ ಹಾರಂಗಿಗೆ, ಪಯಸ್ವಿನಿಗೆ ಹೋಯಿತು. 2019ರಲ್ಲಿ ದಕ್ಷಿಣ ಕೊಡಗಿಗೂ ಭಾಗಮಂಡಲ ಕಡೆಗೂ ಹೊಡೆಯಿತು. ಹೊಳೆ ಹೋದ ವರ್ಷದ್ದೇ, ಮಳೆ ಬಿದ್ದ ಜಾಗ ಬೇರೆ. ನಾನು ಒಂದು ಸಲದ ನೀರನ್ನು ಅಳೆದು ಅದನ್ನೇ ಹೊಳೆಯ ಗಡಿ ಅಂದುಕೊಂಡೆ.

ನೀರು ಇಳಿದ ಮೇಲೆ ನೋಡಿದ್ದು ಹೇಳುತ್ತೇನೆ. ಗೋಡೆ ಕೂಡಲೇ ಬೀಳುವುದಿಲ್ಲ, ಮೂರು ನಾಲ್ಕು ದಿನ ಬಿಟ್ಟು ಬಿಸಿಲು ಬಂದಾಗ ಬೀಳುತ್ತದೆ. ನಮ್ಮ ಹಟ್ಟಿಯ ಮಣ್ಣಿನ ಗೋಡೆ ಹಾಗೇ ಬಿತ್ತು. ಮೇನ್ ಸ್ವಿಚ್ ಆಫ್ ಮಾಡದೆ ಹೋದವರು ವಾಪಸ್ ಬಂದು ಒದ್ದೆ ಗೋಡೆ ಮುಟ್ಟಬಾರದು. ಸೌದೆ ಕೊಟ್ಟಿಗೆಯಲ್ಲಿ, ಹೊದಿಕೆಯ ಮಡಿಕೆಯಲ್ಲಿ ಹಾವು ಇರುತ್ತದೆ, ಅದಕ್ಕೂ ಮನೆ ಹೋಗಿದೆ ಪಾಪ. ಕೋಲಿನಿಂದ ಸರಿಸದೆ ಕೈ ಹಾಕಬೇಡಿ.

ಬಾವಿಗೆ ಹೊಳೆ ನೀರು ಹೊಕ್ಕಿದ್ದರೆ ಮೊದಲು ಪಂಪಿನಿಂದ ಖಾಲಿ ಮಾಡಿ. ಹೊಸ ನೀರು ಬಂದ ಮೇಲೆ ಸಾವಿರ ಲೀಟರಿಗೆ 2.5 ಗ್ರಾಂ ಲೆಕ್ಕದಲ್ಲಿ ಒಳ್ಳೆಯ ಬ್ಲೀಚಿಂಗ್ ಪೌಡರ್. ಐದು ಅಡಿ ಅಗಲದ ಬಾವಿಯಲ್ಲಿ ಹತ್ತು ಅಡಿ ನೀರಿದ್ದರೆ ಸುಮಾರು ಐದೂವರೆ ಸಾವಿರ ಲೀಟರ್, ಹದಿನಾಲ್ಕು ಗ್ರಾಂ ಸಾಕು. ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಹಾಕಿ. ರಾತ್ರಿ ಹಾಕಿದರೆ ಬೆಳಿಗ್ಗೆ ಬಳಸಬಹುದು. ಆದರೂ ಕುಡಿಯುವ ನೀರನ್ನು ಕುದಿಸಿ.

ಇಲಿ ಜ್ವರವನ್ನು ಯಾರೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಇಲಿಯ ಮೂತ್ರ ಸೇರಿದ ಕೆಸರು, ಕಾಲಿನ ಬಿರುಕು, ಅಷ್ಟೇ ಸಾಕು. ಗಮ್ ಬೂಟ್ ಹಾಕಿ. ಒಂದೆರಡು ವಾರದಲ್ಲಿ ಜ್ವರ, ಮೈಕೈ ನೋವು, ಕಣ್ಣು ಕೆಂಪಾಯಿತು ಅಂದರೆ ಡಾಕ್ಟರಿಗೆ 'ನಾನು ನೆರೆ ನೀರಿನಲ್ಲಿ ಕೆಲಸ ಮಾಡಿದ್ದೇನೆ' ಅಂತ ಬಾಯಿಬಿಟ್ಟು ಹೇಳಿ. ನಮ್ಮ ಮನೆಯಲ್ಲೇ ಹೇಳದೆ ಒಂದು ವಾರ ಸುಮ್ನೆ ಜ್ವರದ ಮಾತ್ರೆ ನುಂಗಿದರು.

ತೋಟದಲ್ಲಿ ಕಾಫಿ ಗಿಡ ನಿಂತೇ ಇರುತ್ತದೆ, ನೋಡಿದರೆ ಏನೂ ಆಗಿಲ್ಲ ಅನ್ನಿಸುತ್ತದೆ. ನೀರು ನಿಂತ ಬೇರಿಗೆ ಉಸಿರು ಸಿಗದೆ ಎರಡು ವಾರದಲ್ಲಿ ಹಸಿರು ಕಾಯಿ ಉದುರುತ್ತದೆ, ಎಲೆಗೆ ಕೊಳೆ ರೋಗ ಬರುತ್ತದೆ. ಬುಡದಲ್ಲಿ ಕೂತ ಹೂಳನ್ನು ಬಿಡಿಸಿ, ಕಪ್ಪು ತೆಗೆದು ನೀರು ಹೋಗಲು ಬಿಡಿ. ಮೆಣಸಿನ ಬಳ್ಳಿ ಇನ್ನೂ ನಾಜೂಕು. ಸೊರಗು ರೋಗ ಬಂದರೆ ನಿನ್ನೆ ಹಸಿರಿದ್ದ ಬಳ್ಳಿ ವಾರದಲ್ಲಿ ಕಪ್ಪು. ಮಳೆ ಬಿಟ್ಟ ಕೂಡಲೇ ಬೋರ್ಡೋ ದ್ರಾವಣ ಹೊಡೆಸಿ. ಆಗ ತಾನೇ ನಾಟಿ ಮಾಡಿದ ಗದ್ದೆ ಒಂದೆರಡು ದಿನ ಮುಳುಗಿದರೆ ಬದುಕೀತು. ಮರಳು ಕೂತರೆ ಮಾತ್ರ ಆ ವರ್ಷಕ್ಕೆ ಮುಗಿಯಿತು.

ವಿಮೆಯ ಬಗ್ಗೆ ಒಂದು ಮಾತು: 2021ರಿಂದ 'ಭಾರತ್ ಗೃಹ ರಕ್ಷಾ' ಅಂತ ಮನೆ ಪಾಲಿಸಿ ಇದೆ. ಅದರಲ್ಲಿ ನೆರೆ, ಭೂಕುಸಿತ ಎರಡೂ ಸೇರಿವೆ. ನಾವು ಬೈಕಿಗೆ ವಿಮೆ ಮಾಡಿಸುತ್ತೇವೆ, ಮನೆಗೆ ಮಾಡಿಸುವುದಿಲ್ಲ.

ಟ್ರಂಕಿನ ಕಥೆ ಬಾಕಿ ಉಳಿಯಿತು. ಮಾವನವರು ಇಂಕ್ ಪೆನ್ನಿನಲ್ಲಿ, ಮುತ್ತಿನಂಥ ಅಕ್ಷರದಲ್ಲಿ ಬರೆಯುತ್ತಿದ್ದರು. ಅವರು ಊರಲ್ಲಿ ಇಲ್ಲದ ದಿನ ಅತ್ತೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು, ಅದಕ್ಕೆ ಬೈಗುಳವೂ ತಿನ್ನುತ್ತಿದ್ದರು. ಪುಸ್ತಕಗಳನ್ನು ಕಾಫಿ ಕಣದಲ್ಲಿ ಹಾಳೆ ಹಾಳೆಯಾಗಿ ಒಣಗಿಸಿದೆವು. ಇಂಕೆಲ್ಲ ನೀಲಿ ನೀರಾಗಿ ಹೋಗಿತ್ತು. ಅತ್ತೆಯ ಪೆನ್ಸಿಲ್ ಅಕ್ಷರ ಒಂದೂ ಅಳಿಸಿರಲಿಲ್ಲ. ಈಗ ನಮ್ಮಲ್ಲಿ ಇರುವುದು ಮಾವನವರು ಸಂತೆಗೆ, ಮದುವೆಗೆ, ಕೋರ್ಟಿಗೆ ಹೋದ ದಿನಗಳ ಮಳೆ ಲೆಕ್ಕ ಮಾತ್ರ.

ಮೂರ್ನಾಡು ಹತ್ತಿರ ನಮಗೆ ಒಂದು ಎಕರೆ ಗದ್ದೆ ಇದೆ. ಬೇಸಾಯ ಗಿಟ್ಟುವುದಿಲ್ಲ. ಮಣ್ಣು ತುಂಬಿಸಿ ಮನೆ ಕಟ್ಟೋಣ ಅಂತ ಮಗ ಹೇಳ್ತಾನೆ. ರಸ್ತೆ ಬದಿ, ಒಳ್ಳೆಯ ಜಾಗ.
— ನಿವೃತ್ತ ಯೋಧರು

ಸರ್, ಗದ್ದೆ ಗಿಟ್ಟುವುದಿಲ್ಲ ಅನ್ನುವುದು ನಿಜ. ಆಳು ಇಲ್ಲ, ಆನೆ ಬಿಡುವುದಿಲ್ಲ. ನಾವೂ ಮೂರರಲ್ಲಿ ಒಂದನ್ನು ಪಾಳು ಬಿಟ್ಟಿದ್ದೇವೆ. ಗದ್ದೆ ಮಾಡಿ ಅಂತ ನಿಮಗೆ ಹೇಳುವ ಹಕ್ಕು ನನಗಿಲ್ಲ. ತುಂಬಿಸುವ ಮೊದಲು ಒಂದು ಲೆಕ್ಕ ಮಾತ್ರ ನೋಡಿ.

ಒಂದು ಎಕರೆ ಗದ್ದೆಯಲ್ಲಿ ಒಂದು ಅಡಿ ನೀರು ನಿಂತರೆ ಹನ್ನೆರಡು ಲಕ್ಷ ಲೀಟರ್. ಹೊಳೆ ಉಕ್ಕಿದ ದಿನ ಅಷ್ಟು ನೀರಿಗೆ ನಿಮ್ಮ ಗದ್ದೆ ಜಾಗ ಕೊಡುತ್ತದೆ. ಮೂರು ಅಡಿ ಮಣ್ಣು ತುಂಬಿಸಿದರೆ ಮೂವತ್ತಾರು ಲಕ್ಷ ಲೀಟರಿನ ಜಾಗ ಹೋಯಿತು. ಆ ನೀರು ಇಲ್ಲವಾಗುವುದಿಲ್ಲ, ಪಕ್ಕದವರ ಮನೆಗೆ ಹೋಗುತ್ತದೆ. ಅವರೂ ನಿಮ್ಮನ್ನು ನೋಡಿ ತುಂಬಿಸುತ್ತಾರೆ. ಆಗ ವಾಪಸ್ ನಿಮ್ಮ ಹಜಾರಕ್ಕೆ. ತುಂಬಿಸಿದ ಮಣ್ಣು ಎಲ್ಲಿಂದ ಬಂತು ಅಂತಲೂ ಕೇಳಿ: ಯಾವುದೋ ಬೆಟ್ಟದ ಪಾದ ಕಡಿದ ಮಣ್ಣೇ ಅದು. ಒಂದೇ ಟಿಪ್ಪರ್ ಎರಡು ಕಡೆ ಅಪಾಯ ಮಾಡಿ ಬಂದಿರುತ್ತದೆ.

ನಿಮಗೆ ಬಾಣೆಯಲ್ಲಿ, ಅಂದರೆ ಗದ್ದೆಗಿಂತ ಮೇಲಿನ ಏರು ಜಾಗದಲ್ಲಿ, ಜಾಗ ಇದ್ದರೆ, ಕಡಿದಾಗಿ ಇಲ್ಲದ ಕಡೆ, ಬರೆ ಕಡಿಯದೆ ಚಿಕ್ಕದಾಗಿ ಕಟ್ಟಿ. ಗದ್ದೆಯಲ್ಲೇ ಕಟ್ಟುವುದು ಅನಿವಾರ್ಯ ಅಂದರೆ ಮಣ್ಣು ತುಂಬಿಸದೆ ಕಂಬಗಳ ಮೇಲೆ ಎತ್ತಿ ಕಟ್ಟಿ. ನೀರಿಗೆ ಕೆಳಗೆ ದಾರಿ ಇರಲಿ. ಭೂ ಪರಿವರ್ತನೆಯ ಕಾಗದ ಇಲ್ಲದೆ ಒಂದು ಕಲ್ಲೂ ಇಡಬೇಡಿ. ಮತ್ತೆ ಆಶ್ಲೇಷ ಮಳೆಯ ಒಂದು ದಿನ ಮಗನನ್ನು ಕರೆದುಕೊಂಡು ಹೋಗಿ ಆ ಗದ್ದೆಯ ಏರಿಯ ಮೇಲೆ ಅರ್ಧ ಗಂಟೆ ನಿಂತು ಬನ್ನಿ. ನನ್ನ ಪತ್ರಕ್ಕಿಂತ ಅದು ಚೆನ್ನಾಗಿ ಹೇಳುತ್ತದೆ.

ಇಷ್ಟು ಬರೆಯುವಷ್ಟರಲ್ಲಿ ಕರೆಂಟು ಎರಡು ಸಲ ಹೋಯಿತು. ಇವತ್ತು ಬೆಳಿಗ್ಗೆ ಏಳಕ್ಕೆ 2 ಇಂಚು 40 ಸೆಂಟ್. ಹೊಳೆ ಮೊದಲನೇ ಗದ್ದೆಗೆ ಬಂದಿದೆ. ಪೆನ್ಸಿಲಿನಲ್ಲಿ ಬರೆದಿದ್ದೇನೆ.